ತುಟಿ ಮಾತ್ರ ಆಡಿದ ಶುಕ್ರವಾರ

ಅವತ್ತು ಶ್ರಾವಣದ ಶುಕ್ರವಾರ. ಎಂದಿನಂತೆ ಎದ್ದು ಹೊಸ್ತಿಲು ತೊಳೆದೆ, ರಂಗೋಲಿ ಎಳೆದೆ, ಹಾಲು ಕಾಯಲಿಕ್ಕಿಟ್ಟು ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟೆ. ಡಬ್ಬಿಯಲ್ಲಿ ಜೋಳದ ಹಿಟ್ಟು ತಳ ಕಂಡಿತ್ತು. ಬೆಳಗಿನ ರೊಟ್ಟಿಗೆ ಸಾಕು, ಸಂಜೆಗಿಲ್ಲ. ಗಿರಣಿಗೆ ಹೋಗಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಯಜಮಾನರು ಮುಳವಾಡದ ಏತ ನೀರಾವರಿ ಆಫೀಸಿಗೆ ಹೋಗುವವರು. ಬಸವನ ಬಾಗೇವಾಡಿಯಿಂದ ಬೆಳಗಿನ ಬಸ್ಸು ತಪ್ಪಿದರೆ ಅವರ ಮುಖ ಸಂಜೆಯ ತನಕ ಸರಿಯಾಗುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಮೊದಲು ಅವರ ಊಟದ ಡಬ್ಬಿ, ಆಮೇಲೆ ದೇವರು.

ಅತ್ತೆ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಟಿವಿಯ ಮುಂದೆ ಕೂತಿದ್ದರು. ಕೆಲವು ದಿನದಿಂದ ಅದೇ ಸುದ್ದಿ. ನೆರೆಯ ದೇಶದಲ್ಲಿ ಜನ ಬೀದಿಗೆ ಬಂದಿದ್ದರು, ಬಹಳ ಕಾಲ ಬಿಗಿಮುಷ್ಟಿಯಿಂದ ಆಳಿದವರು ದೇಶ ಬಿಟ್ಟು ಹೋಗಿದ್ದರು. ಅವರಿದ್ದ ದೊಡ್ಡ ಮನೆಯೊಳಗೆ ಜನ ನುಗ್ಗಿದ್ದರು. ಒಬ್ಬ ಕುರ್ಚಿ ಹೊತ್ತಿದ್ದ, ಇನ್ನೊಬ್ಬನ ಕೈಯಲ್ಲಿ ಹೂಕುಂಡ. ಒಬ್ಬ ಹೆಂಗಸು ಯಾರದೋ ಸೀರೆಗಳನ್ನು ಗಂಟು ಕಟ್ಟಿ ಎದೆಗವಚಿಕೊಂಡು ಕ್ಯಾಮರಾದ ಕಡೆ ನೋಡಿ ನಗುತ್ತಿದ್ದಳು. ಆ ಗಂಟಿನಿಂದ ಒಂದು ಹಸಿರು ಅಂಚು ನೆಲಕ್ಕೆ ಎಳೆದಾಡುತ್ತಿತ್ತು. ನನಗೆ ಅದನ್ನು ಎತ್ತಿ ಸಿಕ್ಕಿಸಬೇಕೆನಿಸಿತು.

"ಏನಂತ ಅದು?" ಅಂದರು ಅತ್ತೆ.

"ಜನಾ ಎದ್ದಾರ," ಯಜಮಾನರು ರೊಟ್ಟಿ ಮುರಿಯುತ್ತ ಹೇಳಿದರು. "ಸಣ್ಣ ಹುಡುಗರು ನೌಕರಿ ಮಾತು ತಗದಿದ್ರು. ಕರದು ಕೂಡಿಸಿ ಮಾತಾಡಿದ್ರ ಮುಗೀತಿತ್ತು. ಬಾಯಿ ಮುಚ್ಚಿಸಲಿಕ್ಕೆ ಹೋದ್ರು."

ಅತ್ತೆ ಬತ್ತಿಯನ್ನು ಅಂಗೈಯಲ್ಲಿ ಇನ್ನೊಂದು ಸಲ ಹೊಸೆದರು. "ಓಡಿ ಹೋಗೂಮುಂದ ಒಲಿ ಮ್ಯಾಲ ಏನರೆ ಇಟ್ಟಿದ್ರೋ ಏನೋ. ಯಾರರ ಆರಿಸಿದ್ರೋ ಇಲ್ಲೋ."

ಆ ಸುದ್ದಿ ನಮ್ಮ ಓಣಿಗೆ ದೂರದ್ದಾಗಿರಲಿಲ್ಲ. ಬಾಜೂ ಮನೆಯ ವೈನಿಯವರದು ಉಳ್ಳಾಗಡ್ಡಿ ವ್ಯಾಪಾರ. ಅವರ ಮನೆಯವರು ತುಂಬಿಸಿ ಕಳಿಸಿದ ಲಾರಿ ಆ ದೇಶದ ಗಡಿಯಲ್ಲಿ ನಿಂತುಬಿಟ್ಟಿತ್ತು. ಎಲ್ಲೋ ಹುಡುಗರು ಕೂಗಿದರೆ ಬಾಗೇವಾಡಿಯ ಉಳ್ಳಾಗಡ್ಡಿ ಲಾರಿಯೊಳಗೇ ಮೊಳಕೆ ಒಡೆಯುತ್ತದೆ ಅಂತ ವೈನಿ ಹಿಂದಿನ ಸಂಜೆ ಹೇಳಿದ್ದರು. ಹೇಳುವಾಗ ದನಿ ಸೀಳಿತ್ತು. ಅದು ದುಃಖಕ್ಕಲ್ಲ. ಅವರ ದನಿ ಈಗ ಇರುವುದೇ ಹಾಗೆ.

ವೈನಿಯ ದನಿಯ ಮಾತು ಹೇಳದೆ ಮುಂದೆ ಹೋಗಲಿಕ್ಕೆ ಬರುವುದಿಲ್ಲ. ನಮ್ಮ ಮಾರುತಿ ಗುಡಿಯ ಭಜನಾ ಮಂಡಳಿಯಲ್ಲಿ ಅವರಂಥ ಕಂಠ ಇನ್ನೊಂದಿರಲಿಲ್ಲ. ದಾಸರ ಪದವಿರಲಿ, ವಚನವಿರಲಿ, ಅವರು ಎತ್ತಿಕೊಂಡರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಿನಲ್ಲೇ ನಿಲ್ಲುತ್ತಿದ್ದರು. ಹೋದ ವರ್ಷ ಕುತ್ತಿಗೆಯ ಗಡ್ಡೆಗೆ ಆಪರೇಷನ್ ಆಯಿತು. ದನಿ ಒಡೆಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ, ಒಡೆಯಿತು. ಒಣಗಿದ ಬಾಗಿಲು ತೆಗೆದ ಹಾಗೆ ಕೇಳುತ್ತಿತ್ತು. ಆದರೆ ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ದಿನಾ ಹಾಡಬೇಕು, ಹಾಡಿದಷ್ಟು ತಿರುಗಿ ಬರುತ್ತದೆ, ಸುಮ್ಮನಿದ್ದರೆ ಇದ್ದದ್ದೂ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಹಾಡಿದರೆ ತಮ್ಮ ದನಿಗೆ ತಾವೇ ಹೆದರುತ್ತಿದ್ದರು. ಹತ್ತು ಮಂದಿಯ ನಡುವೆಯಾದರೆ ಧೈರ್ಯ ಬರುತ್ತಿತ್ತು. ಹಾಗಾಗಿ ಅವರಿಗೆ ಉಳಿದದ್ದು ಶುಕ್ರವಾರದ ಭಜನೆ ಒಂದೇ.

ಆ ಭಜನೆ ಅಕ್ಕೋರದು. ಸಿಂದಗಿ, ಮುದ್ದೇಬಿಹಾಳ ಎಂದು ತಿರುಗಿ ಇಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿಜ ಹೇಳಬೇಕು, ಅವರು ಇಲ್ಲದಿದ್ದರೆ ಮಂಡಳಿಯೇ ಇರುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಓಣಿಯ ಸೊಸೆಯಂದಿರು ಮಧ್ಯಾಹ್ನ ಬಾಗಿಲ ಹೊರಗೆ ಕಾಲಿಡುತ್ತಿರಲಿಲ್ಲ. ಅಕ್ಕೋರು ಮನೆ ಮನೆಗೆ ಹೋಗಿ ಅತ್ತೆಯಂದಿರ ಮುಂದೆ ಕೂತು, ಚಹಾ ಕುಡಿದು, "ದೇವರ ಹೆಸರು ಹೇಳಲಿಕ್ಕೆ ಕಳಸ್ರಿ, ನಾ ಅದೇನಿ," ಅಂದು ನಮ್ಮನ್ನೆಲ್ಲ ಹೊರಗೆ ತಂದರು. ಹಾರ್ಮೋನಿಯಂ ತರಿಸಿದರು, ಹಾಲ್ ಕಟ್ಟಿಸಿದರು. ಆಗ ಅವರ ಬಿಗಿ ನಮಗೆ ಬೇಕಾಗಿತ್ತು. ಆ ಬಿಗಿಯ ಮರೆಯಲ್ಲೇ ನಾವು ಹೊರಗೆ ಬಂದದ್ದು.

ಅದು ಯಾವಾಗ ಬೇರೆಯಾಯಿತೋ ನನಗೆ ಗೊತ್ತಾಗಲಿಲ್ಲ. ಮೊದಲು ಯಾರು ಎಲ್ಲಿ ಕೂಡಬೇಕು ಎಂಬುದು ಬಂತು. ಆಮೇಲೆ ಯಾರು ಯಾವ ಪದ ಹೇಳಬೇಕು, ಯಾರು ಹೇಳಬಾರದು. ಆಮೇಲೆ ಬಾಗಿಲು. ನಾಲ್ಕು ಹೊಡೆಯುತ್ತಲೇ ಅಕ್ಕೋರು ಒಳಗಿನಿಂದ ಚಿಲಕ ಹಾಕುತ್ತಿದ್ದರು. ತಡವಾಗಿ ಬಂದವರು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಬೇಕು. ಕೂಸಿಗೆ ಜ್ವರ, ಅತ್ತೆ ಜಾರಿ ಬಿದ್ದರು, ಯಾವುದೂ ನಡೆಯುತ್ತಿರಲಿಲ್ಲ. ನಾವೂ ಸುಮ್ಮನಿದ್ದೆವು. ಇಷ್ಟು ಮಾಡಿದವರಿಗೆ ಏನನ್ನುವುದು ಅಂತ.

ಶ್ರಾವಣದ ಕೊನೆಗೆ ಮಂಡಳಿ ತಾಳಿಕೋಟೆಗೆ ಹಾಡಲು ಹೋಗುವುದಿತ್ತು. ಹಿಂದಿನ ಶುಕ್ರವಾರ, ಪದದ ನಡುವೆ ಅಕ್ಕೋರು ಹಾರ್ಮೋನಿಯಂ ನಿಲ್ಲಿಸಿ, ಎಲ್ಲರ ಎದುರು, ವೈನಿಗೆ ಹೇಳಿದರು: "ನೀ ದನಿ ತಗೀಬ್ಯಾಡವಾ. ತುಟಿ ಅಷ್ಟ ಆಡಿಸು."

ವೈನಿ "ಹೂನ್ರಿ," ಅಂದರು. ಎದ್ದು ಹೋಗಿ ಕಂಬದ ಹಿಂದೆ ಕೂತು, ತುಟಿ ಆಡಿಸಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಆಪರೇಷನ್ನಿನ ಗೀರು ನುಂಗಿದಾಗೆಲ್ಲ ಮೇಲೆ ಕೆಳಗೆ ಹೋಗುತ್ತಿತ್ತು, ಹಾಡು ಮಾತ್ರ ಇರಲಿಲ್ಲ.

ಆ ಮಾತು ನನಗೆ ಹೊಸದಲ್ಲ. ವಿಜಯಪುರದ ಕಾನ್ವೆಂಟಿನಲ್ಲಿ ಓದುವಾಗ, ಯಾರೋ ದೊಡ್ಡವರು ಬರುತ್ತಾರೆಂದು ಹಾಡು ಕಲಿಸುತ್ತಿದ್ದ ಸಿಸ್ಟರ್ ನನ್ನ ಭುಜ ಮುಟ್ಟಿ ಬಹಳ ಪ್ರೀತಿಯಿಂದಲೇ ಹೇಳಿದ್ದರು, ನೀನು ಬಾಯಿ ಮಾತ್ರ ಆಡಿಸು ಮಗು ಎಂದು. ನನ್ನ ದನಿ ಎಲ್ಲಿಗೆ ಹೋಗುತ್ತದೆ ಎಂದು ಆಗ ಬಹಳ ದಿನ ಯೋಚಿಸಿದ್ದೆ. ಅದೇ ಶಾಲೆಯಲ್ಲಿ ಇತಿಹಾಸದ ಸಿಸ್ಟರ್ ಬೇರೆ. ಅವರು ಬೋರ್ಡನ್ನು ನಡುವೆ ಗೆರೆ ಎಳೆದು ಎರಡು ಮಾಡುತ್ತಿದ್ದರು. ಈ ಕಡೆ ದಂಗೆಯ ಕಾರಣಗಳು, ಆ ಕಡೆ ಪರಿಣಾಮಗಳು. ಕಾರಣಗಳ ಕಡೆ ಬೋರ್ಡು ಕೆಳತನಕ ತುಂಬುತ್ತಿತ್ತು. ಪರಿಣಾಮಕ್ಕೆ ಬರುವಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು. ರಾಜ ಹೋದ ಮರುದಿನ ಬೆಳಿಗ್ಗೆ ಆ ಊರಿನ ಮಂದಿ ಏನು ಮಾಡಿದರು ಎಂಬುದನ್ನು ನಾನು ಶಾಲೆಯಲ್ಲಿ ಕಲಿಯಲೇ ಇಲ್ಲ.

ಯಜಮಾನರು ಬಸ್ಸಿಗೆ ಹೋದ ಮೇಲೆ ಟಿವಿಯ ಹೆಂಗಸು ಮತ್ತೆ ಸೀರೆಯ ಗಂಟಿನೊಂದಿಗೆ ಬಂದಳು. ನಾನು ಟಿವಿ ಆರಿಸಿದೆ. ಅಷ್ಟೊತ್ತಿಗೆ ನನ್ನ ಮನಸ್ಸು ಗಟ್ಟಿಯಾಗಿತ್ತು. ವೈನಿ ದನಿ ತೆಗೆಯುವ ತನಕ ನಾನೂ ತೆಗೆಯುವುದಿಲ್ಲ. ಜಗಳ ನನಗೆ ಬರುವುದಿಲ್ಲ. ಸುಮ್ಮನಿರುವುದಂತೂ ಬರುತ್ತದೆ.

ಜೋಳ ತಗೊಂಡು ಗಿರಣಿಗೆ ಹೋದೆ. ಗಿರಣಿಯಾಕೆಯೂ ಮಂಡಳಿಯವರೇ. ಹುಬ್ಬಿನ ತನಕ ಹಿಟ್ಟು, ಕಣ್ಣು ಮಾತ್ರ ಕರ್ರಗೆ. ನಾನು ಅವರೊಬ್ಬರಿಗೇ ಹೇಳಿದೆ. ಪಕ್ಕದಲ್ಲಿ ಕೂಡುವವರು, ಗಾಬರಿಯಾಗದಿರಲಿ ಎಂದು.

"ಇವತ್ತ ನಾ ಹಾಡಾಂಗಿಲ್ರಿ. ತುಟಿ ಅಷ್ಟ ಆಡಸ್ತೇನಿ."

"ಯಾಕ್ರಿ, ಗಂಟಲಾ ಹಿಡದೈತೇನು?"

"ಇಲ್ಲ. ವೈನಿಗೆ ಹಾಡ ಅನ್ನೂ ತನಕಾ ನಾನೂ ಹಾಡಾಂಗಿಲ್ಲ."

ಅವರು ಗಿರಣಿ ನಿಲ್ಲಿಸಿದರು. ಪಟ್ಟಾ ಸುತ್ತುತ್ತ ಸುತ್ತುತ್ತ ನಿಂತಿತು. "ಕಾನ್ವೆಂಟಿನಾಗ ಇಂಥಾ ಜಗಳಾ ಕಲಿಸ್ತಾರೇನ್ರಿ, ಸಪ್ಪಳಿಲ್ಲದ್ದು? ನಾವಾಗಿದ್ರ ಬೈದು ಮುಗಿಸಿ ಮನಿಗೆ ಹೋಗಿ ರೊಟ್ಟಿ ಬಡೀತಿದ್ವಿ."

"ಬೈರಿ ಹಂಗಾರ."

"ಅಕ್ಕೋರಿಗೆ? ನನಗ ಮಗ್ಗಿ ಕಲಿಸ್ಯಾರ್ರಿ ಅವರು. ಈಗೂ ಎದುರು ಬಂದ್ರ ಏಳರ ಮಗ್ಗಿ ಮರೀತೈತಿ."

"ವೈನಿಗೆ ಮಾತ್ರ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ? ನನಗೇನ್ ಕೆಲಸಿಲ್ಲೇನು?"

ವೈನಿಗೆ ಅವರು ಹೇಳಲಿಲ್ಲ, ಆ ಮಾತು ಉಳಿಸಿಕೊಂಡರು. ಆದರೆ ಶ್ರಾವಣದ ಶುಕ್ರವಾರ ಗಿರಣಿಗೆ ಯಾರು ಬರುವುದಿಲ್ಲ?

ಮಧ್ಯಾಹ್ನ ನಾನು ಹೊತ್ತಿಗೆ ಮೊದಲೇ ಹೋದೆ. ಜಮಖಾನೆ ಹಾಸಿತ್ತು. ಎಲ್ಲರೂ ಆಗಲೇ ಬಂದು ಕೂತಿದ್ದರು, ಸೆರಗು ಹೊದ್ದು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ವೈನಿ ಕಂಬದ ಹಿಂದೆ. ಅಕ್ಕೋರು ಚಿಲಕ ಹಾಕಿ ಬಂದು ಹಾರ್ಮೋನಿಯಮ್ಮಿನ ಮುಂದೆ ಕೂತರು, ಗಾಳಿ ತುಂಬುವ ಬಾತೆ ಒತ್ತಿ ಮೊದಲ ಸಾಲು ಹೇಳಿದರು. ಅವರು ಒಂದು ಸಾಲು ಹೇಳುವುದು, ನಾವೆಲ್ಲ ಅದನ್ನೇ ತಿರುಗಿ ಹೇಳುವುದು, ನಮ್ಮ ಭಜನೆಯ ಪದ್ಧತಿ.

ನಾನು ತುಟಿ ಆಡಿಸಿದೆ. ದನಿ ತೆಗೆಯಲಿಲ್ಲ.

ಪಕ್ಕದಿಂದಲೂ ದನಿ ಬರಲಿಲ್ಲ. ಹಿಂದಿನಿಂದಲೂ ಬರಲಿಲ್ಲ. ಗಿರಣಿಯಾಕೆ ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದು, ಕಣ್ಣು ಮುಚ್ಚಿ, ಭಕ್ತಿಯಿಂದ, ಒಂದಿಷ್ಟೂ ಸಪ್ಪಳವಿಲ್ಲದೆ ಹಾಡುತ್ತಿದ್ದರು. ತಾಳ ಮಾತ್ರ ನಡೆದಿತ್ತು. ಫ್ಯಾನು ಕಿರ್ ಎನ್ನುವುದು ಮೊದಲ ಸಲ ಕೇಳಿಸಿತು.

ಅಕ್ಕೋರು ನಾವು ಸಾಲು ತಪ್ಪಿದೆವೆಂದು ತಿಳಿದು ಇನ್ನೊಮ್ಮೆ ಹೇಳಿದರು. ಎಲ್ಲರ ತುಟಿ ಆಡಿತು. ಮತ್ತೊಮ್ಮೆ. ಮೂರನೆಯ ಸಲ ಅವರ ದನಿ ಸಾಲಿನ ಕೊನೆಯಲ್ಲಿ ಒಬ್ಬಂಟಿಯಾಗಿ ನಿಂತುಬಿಟ್ಟಿತು. ಅಷ್ಟು ವರ್ಷ ಆ ದನಿ ಎಷ್ಟು ದೊಡ್ಡದು ಎಂದುಕೊಂಡಿದ್ದೆ. ಅದು ದೊಡ್ಡದಾಗಿದ್ದದ್ದು ನಾವು ತಿರುಗಿ ಹೇಳುತ್ತಿದ್ದುದರಿಂದ.

ಆಗ ಕಂಬದ ಹಿಂದಿನಿಂದ ಹಾಡು ಬಂತು. ವೈನಿಗೆ ಏನೂ ಗೊತ್ತಿರಲಿಲ್ಲ. ಯಾರೂ ಎತ್ತಿಕೊಳ್ಳಲಿಲ್ಲ, ಪದ ಬೀಳುತ್ತದೆ ಎಂದು ಅವರು ಎತ್ತಿಕೊಂಡಿದ್ದರು, ಅಷ್ಟೆ. ಒಡೆದ ದನಿ, ಅರ್ಧಕ್ಕೆ ಗಾಳಿಯಾಗಿ ಹೋಯಿತು. ಮತ್ತೆ ಹಿಡಿದುಕೊಂಡರು.

ಅಕ್ಕೋರು ಹಾರ್ಮೋನಿಯಂ ನಿಲ್ಲಿಸಿದರು. "ಏನದ ಇದು?"

ಗಿರಣಿಯಾಕೆ ನೆಲ ನೋಡುತ್ತ ಅಂದರು: "ನೀವ ಹೇಳಿದ್ರಲ್ರಿ ಅಕ್ಕೋರ, ತುಟಿ ಅಷ್ಟ ಆಡಿಸ್ರಿ ಅಂತ."

"ನಿಮಗ ಹೇಳಿದ್ದೇನು?"

"ಒಬ್ಬರಿಗೆ ಹೇಳಿದ್ರ ಎಲ್ಲಾರಿಗೂ ಹೇಳಿದಂಗ," ಅಂದೆ ನಾನು. "ವೈನಿ ಹಾಡಲಿ. ಅವರು ಹಾಡಿದ್ರ ನಾವೂ ಹಾಡ್ತೇವಿ."

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ನಾನು ಒಂದು ಕಾರಣ ತಂದಿದ್ದೆ, ಉಳಿದವರು ತಮ್ಮ ತಮ್ಮದು ತಂದಿದ್ದರು. ಕೂಸು ಕರಕೊಂಡು ಮಳೆಯಲ್ಲಿ ಕಟ್ಟೆಯ ಮೇಲೆ ಕೂತದ್ದು ಒಬ್ಬರು ಹೇಳಿದರು. ತನಗೆ ಒಂದು ಪದವೂ ಕೊಡಲಿಲ್ಲ ಎಂದು ಒಬ್ಬರು. ಎಷ್ಟೋ ವರ್ಷದ ಹಿಂದೆ ತಾನು ತಂದ ಪ್ರಸಾದಕ್ಕೆ ಉಪ್ಪಿಲ್ಲ ಅಂದದ್ದನ್ನು ಇನ್ನೊಬ್ಬರು ಇವತ್ತಿನದೆಂಬಂತೆ ಹೇಳಿ ಅತ್ತರು. ಅಕ್ಕೋರು ಒಬ್ಬೊಬ್ಬರನ್ನೇ ನೋಡಿದರು, ಸೆರಗಿನ ಗಂಟು ಬಿಚ್ಚಿ ಕಪಾಟಿನ ಕೀಲಿಕೈ ಹಾರ್ಮೋನಿಯಮ್ಮಿನ ಮೇಲಿಟ್ಟರು, ಚಿಲಕ ತೆಗೆದು ಹೊರಗೆ ಹೋದರು.

ಅವರ ಬೆನ್ನು ಮರೆಯಾಗುತ್ತಲೇ ಕಪಾಟು ತೆರೆಯಿತು. ಒಬ್ಬರು ತಾಳಗಳ ಚೀಲ ತಗೊಂಡರು, ನಮ್ಮ ಮನೆಯಲ್ಲಿರಲಿ ಎಂದು. ಒಬ್ಬರು ಆರತಿ ತಟ್ಟೆ. ಇಬ್ಬರು ಜಮಖಾನೆಯ ಎರಡು ತುದಿ ಹಿಡಿದು ಸುತ್ತತೊಡಗಿದರು, ಯಾರ ಮನೆಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. ಆ ನಗು ನಾನು ಬೆಳಿಗ್ಗೆ ಟಿವಿಯಲ್ಲಿ ನೋಡಿದ್ದೆ, ಸೀರೆಯ ಗಂಟಿನ ಹೆಂಗಸಿನ ಮುಖದಲ್ಲಿ. ಹಸಿರು ಅಂಚು ನೆಲಕ್ಕೆ ಎಳೆದಾಡುತ್ತಿತ್ತು.

ನಾನು ಹೋಗಿ ಜಮಖಾನೆಯ ನಡುವೆ ಕೂತೆ. ಚಕ್ಕಳ ಬಕ್ಕಳ ಹಾಕಿ, ಗಟ್ಟಿಯಾಗಿ.

"ಏಳ್ರಿ, ಸುತ್ತಬೇಕು," ಅಂದರು.

"ಇನ್ನೂ ಭಜನಿ ಆಗಿಲ್ಲ."

"ಅಕ್ಕೋರು ಹೋದ್ರಲ್ರಿ."

"ಅಕ್ಕೋರು ಹೋಗ್ಯಾರ. ಜಮಖಾನಿ ಯಾಕ ಹೋಗ್ಬೇಕು? ಇಲ್ಲಿ ತಂದದ್ದು ಇಲ್ಲೇ ಇರಲಿ. ನಾವು ಒಂದು ಮಾತು ಕೇಳಲಿಕ್ಕೆ ಬಂದೇವಿ, ಸಾಮಾನು ಒಯ್ಯಲಿಕ್ಕಲ್ಲ."

ಎತ್ತಿದರೆ ನನ್ನನ್ನೂ ಸೇರಿಸಿ ಎತ್ತಬೇಕಾಗಿತ್ತು. ಗಿರಣಿಯಾಕೆ ನನ್ನ ಪಕ್ಕದಲ್ಲಿ ಕೂತರು. "ನನ್ನ ಎತ್ತೂದಂತೂ ಆಗಾಂಗಿಲ್ಲ ನಿಮ್ಮ ಕೈಲೆ," ಅಂದರು. ತಾಳಗಳ ಚೀಲ ಕಪಾಟಿಗೆ ಹೋಯಿತು. ತಟ್ಟೆಯೂ ಹೋಯಿತು, ಸ್ವಲ್ಪ ತಡವಾಗಿ.

ಆಮೇಲೆ ಹಾಡೋಣವೆಂದರೆ ಹಾಡು ಹತ್ತಲಿಲ್ಲ. ಮೂವರು ಮೂರು ಪದ ಎತ್ತಿದರು. ಒಬ್ಬರ ಶ್ರುತಿ ಮುಗಿಲಿಗೆ, ಇನ್ನೊಬ್ಬರದು ಪಾತಾಳಕ್ಕೆ. ವೈನಿಯ ದನಿ ಎಲ್ಲಿಯೂ ಕೂಡದೆ ನಿಂತುಹೋಯಿತು. ಅವರಿಗಾಗಿ ಇಷ್ಟೆಲ್ಲ ಮಾಡಿ, ಅವರೇ ಹಾಡಲಾಗದಂತೆ ಮಾಡಿದ್ದೆವು. ನಾನು ಎದ್ದು ಹೊರಗೆ ಹೋದೆ.

ಅಕ್ಕೋರು ಮನೆಗೆ ಹೋಗಿರಲಿಲ್ಲ. ತಡವಾಗಿ ಬಂದವರು ಕೂಡುವ ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿ ಹಾಕಿಕೊಂಡಿದ್ದರು, ಎದ್ದಿರಲಿಲ್ಲ. ಒಳಗಿನ ಗದ್ದಲ ಅಲ್ಲಿಗೆ ಪೂರ್ತಿ ಕೇಳುತ್ತಿತ್ತು.

"ನಿಮ್ಮನ್ನೆಲ್ಲಾ ಹೊಸ್ತಿಲಾ ದಾಟಿಸಿದಾಕಿ ನಾ," ಅಂದರು ನನ್ನ ಕಡೆ ನೋಡದೆ.

"ಹೌದ್ರಿ. ಅದಕ್ಕ ಕರೀಲಿಕ್ಕೆ ಬಂದೇನಿ."

"ಬಂದ್ರ? ಆಕಿ ಹಾಡ್ತಾಳೇನು?"

"ಹಾಡ್ತಾರ್ರಿ."

"ತಾಳಿಕೋಟಿಯವರು ನಗ್ತಾರ."

"ನಗಲಿ."

"ಬೇಸೂರ ಆಗ್ತದ."

"ಆಗಲಿ ಅಕ್ಕೋರ. ದನಿ ಬರಬೇಕಂದ್ರ ಹಾಡಬೇಕಂತ, ಡಾಕ್ಟರು ಹೇಳ್ಯಾರ. ಅವರು ಬಿಟ್ರ ಹೋಗೇ ಬಿಡ್ತದ."

ಅವರು ಥಟ್ಟನೆ ನನ್ನ ಕಡೆ ತಿರುಗಿದರು. ಡಾಕ್ಟರ ಮಾತು ಅವರಿಗೆ ಗೊತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಯಾರು ಹೇಳಬೇಕಿತ್ತು? ಅವರಿಗೆ ಏನನ್ನಾದರೂ ಹೇಳುವುದನ್ನು ನಾವು ಬಿಟ್ಟು ವರ್ಷಗಳಾಗಿದ್ದವು. ಅವರು ಬಾಗಿಲಿಗೆ ಚಿಲಕ ಹಾಕುವುದಕ್ಕೂ ಮೊದಲೇ ನಾವು ಬಾಯಿಗೆ ಹಾಕಿಕೊಂಡಿದ್ದೆವೋ ಏನೋ. ಸಿಸ್ಟರ್‌ ಬೋರ್ಡಿನ ಮೇಲೆ ಇದನ್ನು ಗೆರೆಯ ಯಾವ ಕಡೆ ಬರೆಯುತ್ತಿದ್ದರು?

ಅಕ್ಕೋರು ಎದ್ದರು. ಒಳಗೆ ಬರಲಿಲ್ಲ. ಎರಡು ಹೆಜ್ಜೆ ಹೋಗಿ ತಿರುಗಿ, ಇನ್ನೂ ಸಿಟ್ಟಿನ ದನಿಯಲ್ಲೇ ಹೇಳಿದರು: "ಅಷ್ಟ ಮ್ಯಾಲ ಹಿಡೀಬ್ಯಾಡ್ರಿ. ಹಾರ್ಮೋನಿಯಂ ಪಟ್ಟಿ ಇಳಸ್ರಿ. ಆಕಿ ದನಿಗೆ ಕೆಳಗ ಕೂಡ್ತದ."

ನಾನು ಒಳಗೆ ಹೋಗಿ ಹಾರ್ಮೋನಿಯಮ್ಮಿನ ಮುಂದೆ ಕೂತೆ. ನನಗೆ ನುಡಿಸಲಿಕ್ಕೆ ಬರುವುದಿಲ್ಲ. ಬಾತೆ ಒತ್ತಿ ಒಂದು ಪಟ್ಟಿ ಹಿಡಿದು ಕೂಡಬಲ್ಲೆ. ಅಕ್ಕೋರು ಹಿಡಿಯುತ್ತಿದ್ದ ಪಟ್ಟಿಯಿಂದ ಬೆರಳನ್ನು ಒಂದೊಂದೇ ಕೆಳಗೆ ಇಳಿಸಿದೆ. ಪ್ರತಿಯೊಂದಕ್ಕೂ ವೈನಿ ಇಲ್ಲ ಎಂದು ತಲೆಯಾಡಿಸಿದರು. ಒಂದು ಕಡೆ ತಲೆಯಾಡಿಸಲಿಲ್ಲ, ಹಾಡಿದರು. ನಾವು ತಿರುಗಿ ಹೇಳಿದೆವು. ಚೆಂದ ಇತ್ತು ಅಂತ ಹೇಳುವುದಿಲ್ಲ. ನಮ್ಮೆಲ್ಲರಿಗೂ ಅದು ತೀರಾ ಕೆಳಗಾಗುತ್ತಿತ್ತು, ಗಂಡಸರು ಹಾಡಿದಂತೆ ಕೇಳಿತು. ಎರಡನೆಯ ನುಡಿಗೆ ವೈನಿ ಕಂಬದ ಹಿಂದಿನಿಂದ ಎದ್ದು ಬಂದು ಮುಂದೆ ಕೂತರು, ಯಾರೂ ಹೇಳಿರಲಿಲ್ಲ. ಆರತಿಯಾಗುವ ತನಕ ಹಾಡಿದರು. ನಡುವೆ ದನಿ ಪೂರ್ತಿ ಹೋದಾಗ ನಾವು ಹಿಡಿದುಕೊಂಡೆವು, ಬಂದಾಗ ಬಿಟ್ಟುಕೊಟ್ಟೆವು.

ಬರುವಾಗ ಕೋಸಂಬರಿ ಪ್ರಸಾದ ಒಂದು ಬಟ್ಟಲಲ್ಲಿ ಹಾಕಿಕೊಂಡು ಅಕ್ಕೋರ ಮನೆಗೆ ಹೋದೆ. ಬಾಗಿಲಲ್ಲೇ ತಗೊಂಡರು, ಬಾ ಅನ್ನಲಿಲ್ಲ. ಮುಂದಿನ ವಾರದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಒಳಗೆ ಹೋಗಿ ಬಟ್ಟಲು ತೊಳೆದು ತಂದುಕೊಟ್ಟರು. ದಾರಿಯಲ್ಲಿ ನೋಡಿದೆ. ನಮ್ಮ ಕಡೆ ಪಾತ್ರೆ ಬರಿದು ತಿರುಗಿಸುವುದಿಲ್ಲ. ತಳದಲ್ಲಿ ಒಂದು ಚಿಟಿಕೆ ಸಕ್ಕರೆ ಇತ್ತು.

ಮನೆಯಲ್ಲಿ ಅತ್ತೆ ಎಲ್ಲ ಕೇಳಿದರು. "ಇನ್ನ ಮುಂದ ಯಾರು ನೋಡಿಕೊಳ್ಳೋರು?" ಅಂದರು.

"ವಾರಕ್ಕೊಬ್ಬರು ಕೀಲಿ ಇಟ್ಕೊಳ್ಳೋದಂತ ಮಾಡೇವಿ, ಮೊದಲ ವಾರ ನಂದು. ಅಕ್ಕೋರು ಬಂದ್ರ ಅವರದೂ ಪಾಳಿ."

"ನಡೀತದೇನು?"

"ನಡಸ್ತೇವಿ," ಅಂದೆ. ಕಪಾಟಿನ ಕೀಲಿಕೈಯನ್ನು ಗಂಧದ ಕೊರಡಿನ ಪಕ್ಕದ ಮೊಳೆಗೆ ಹಾಕಿದೆ. ಸಂಜೆಯ ಬಸ್ಸಿಗೆ ಯಜಮಾನರು ಬಂದರು. ಟಿವಿಯಲ್ಲಿ ಆ ದೇಶದ ಹುಡುಗರು ಚೌಕದಲ್ಲಿ ನಿಂತು ಪೊಲೀಸರ ಬದಲು ತಾವೇ ವಾಹನ ನಿಲ್ಲಿಸಿ ಬಿಡುತ್ತಿದ್ದರು. ಒಬ್ಬ ಹುಡುಗ ಕೈ ತೋರಿಸಿದರೂ ಒಂದು ರಿಕ್ಷಾ ನಿಲ್ಲಲಿಲ್ಲ. ಅವನು ಮತ್ತೆ ಕೈ ಎತ್ತಿದ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡಿದೆ, ಮುಂದಿನದು ನಿಂತಿತು.

ದೀಪ ಹಚ್ಚುವ ಹೊತ್ತಿಗೆ ವೈನಿ ಬಟ್ಟಲು ಹಿಡಿದುಕೊಂಡು ಕಂಪೌಂಡ್ ಗೋಡೆಯ ಹತ್ತಿರ ಬಂದರು. ಹಾಲಿಗೆ ಹೆಪ್ಪು ಬೇಕಾಗಿತ್ತು. ಮಧ್ಯಾಹ್ನದ ಮಾತು ಒಂದೂ ತೆಗೆಯಲಿಲ್ಲ. ದನಿ ಹಿಂದಿನ ಸಂಜೆಗಿಂತ ಹೆಚ್ಚು ಒಡೆದಿತ್ತು, ಆದರೆ ಜೋರಾಗಿತ್ತು. ನಾನು ಮೊಸರು ಹಾಕಿಕೊಟ್ಟೆ. ಅವರು ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಟವರು, ತಮ್ಮ ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಅಂದಂಗ, ಮುಂದಿನ ಶುಕ್ರವಾರ ಗ್ಯಾಸ್ ಸಿಲಿಂಡರ್ ಬರೂದೈತ್ರಿ. ನಾ ಒಂದೀಟು ತಡಾ ಮಾಡಿ ಬರ್ತೇನಿ, ನೀವು ಸುರು ಮಾಡ್ರಿ."